ಉಣ್ಣುವ ಕೋಣೆ, ಮಲಗುವ ಕೋಣೆ

ಮಗಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತಿರುಗಿಸಿ ನನ್ನ ಕಡೆಗಿಟ್ಟಳು. ಬೆಂಗಳೂರಿನ ಹೊರವಲಯದಲ್ಲಿ ಅವಳೂ ಅಳಿಯನೂ ಕೊಳ್ಳಬೇಕೆಂದಿರುವ ಫ್ಲಾಟಿನ ನಕ್ಷೆ. ನಾವು ಕೂತಿದ್ದುದು ಟೋಕಿಯೋದ ಪೂರ್ವಕ್ಕಿರುವ ಎದೊಗಾವಾ ವಾರ್ಡಿನ ನಿಶಿ ಕಸಾಯ್‌ನಲ್ಲಿ, ಅವರ ಬಾಡಿಗೆ ಮನೆಯಲ್ಲಿ.

“ಅಡುಗೆಮನೆಗೂ ಹಾಲ್‌ಗೂ ನಡುವೆ ಗೋಡೆ ಬೇಡ ಅಂತ ಹೇಳಿದ್ದೀವಮ್ಮ. ಓಪನ್ ಕಿಚನ್. ದೇವರಮನೆಗೆ ಬೇರೆ ಕೋಣೆ ಇಲ್ಲ, ಗೋಡೇಲೇ ಒಂದು ಗೂಡು ಮಾಡಿಸ್ತೀವಿ. ನಿಂಗೆ ಬೇಜಾರಾ?”

“ನಂಗ್ಯಾಕೆ ಬೇಜಾರು? ಮಿಕ್ಸಿ ಹಾಕಿದಾಗ ಟೀವಿ ಕೇಳಿಸಲ್ಲ ಅಷ್ಟೆ” ಅಂದೆ.

ನಾನು ನಿಜವಾಗಿ ನೋಡುತ್ತಿದ್ದುದು ಮೂರನೆಯ ಕೋಣೆಯನ್ನು. ಹತ್ತಡಿಗೆ ಹತ್ತಡಿ. ಅದರ ಮೇಲೆ ‘ಸ್ಟಡಿ / ಗೆಸ್ಟ್’ ಎಂದು ಬರೆದಿತ್ತು. ಆ ಎರಡು ಪದಗಳಲ್ಲಿ ನಾನು ಯಾವುದಿರಬಹುದು ಎಂದು ಯೋಚಿಸಿದೆ, ಕೇಳಲಿಲ್ಲ.

ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ಮನೆಯ ನಕ್ಷೆಯನ್ನು ಇತಿಹಾಸದ ಆಕರವೆಂದು ನಾನು ಯಾವತ್ತೂ ಓದಿರಲಿಲ್ಲ. ಶಾಸನ ಓದಿದ್ದೆ, ಗೆಜೆಟಿಯರ್ ಓದಿದ್ದೆ, ಕಡತ ಓದಿದ್ದೆ. ಯಾರು ಎಲ್ಲಿ ಮಲಗಬೇಕು, ಯಾರು ಎಲ್ಲಿ ಕೂತು ಉಣ್ಣಬೇಕು, ಯಾರ ಬೆನ್ನು ಯಾರ ಕಡೆಗಿರಬೇಕು ಎಂಬುದನ್ನು ಇಷ್ಟು ಖಡಾಖಂಡಿತವಾಗಿ ಬರೆದಿಡುವ ದಾಖಲೆ ಇನ್ನೊಂದಿಲ್ಲ ಎಂದು ಆ ಎರಡು ತಿಂಗಳಲ್ಲಿ ಗೊತ್ತಾಯಿತು. ಕಾರಣ, ಮಗಳಿದ್ದ ಆ ಬಾಡಿಗೆ ಮನೆಯೇ ಒಂದು ನಕ್ಷೆಯ ಮೊಮ್ಮಗು.

ಅಂಥ ವಸತಿ ಸಮುಚ್ಚಯಗಳನ್ನು ಜಪಾನಿನಲ್ಲಿ ‘ದಾಂಚಿ’ ಎನ್ನುತ್ತಾರೆ. ಒಂದೇ ಎತ್ತರದ ಕಟ್ಟಡಗಳ ಸಾಲು, ಪಕ್ಕದ ಗೋಡೆಯ ಮೇಲೆ ದೊಡ್ಡದಾಗಿ ಬರೆದ ಸಂಖ್ಯೆ, ನಡುವೆ ಮರ, ಮಕ್ಕಳ ಜಾರುಬಂಡೆ. 2000ನೇ ಇಸವಿಯ ಆಸುಪಾಸಿನಲ್ಲಿ ಕಂಪ್ಯೂಟರುಗಳ ವೈಟುಕೆ ಸಮಸ್ಯೆ ಬಗೆಹರಿಸಲು ಬಂದ ಭಾರತದ ಎಂಜಿನಿಯರುಗಳು ಈ ಭಾಗದಲ್ಲಿ ನೆಲೆಸಿದರು. ಖಾಸಗಿ ಮನೆಯ ಮಾಲೀಕರು ಕೇಳುವ ಜಾಮೀನುದಾರನನ್ನಾಗಲಿ, ವಾಪಸು ಬಾರದ ‘ಕೃತಜ್ಞತೆಯ ಹಣ’ವನ್ನಾಗಲಿ ಸರ್ಕಾರಿ ವಸತಿ ಸಂಸ್ಥೆ ಕೇಳುವುದಿಲ್ಲ, ಹೀಗಾಗಿ ಪರದೇಶದವರಿಗೆ ಅನುಕೂಲ. ಸಂಜೆ ಕಟ್ಟಡದ ಕೆಳಗೆ ಹೋದರೆ ತಮಿಳು, ತೆಲುಗು, ಹಿಂದಿಯ ನಡುವೆ ಕನ್ನಡವೂ ಕಿವಿಗೆ ಬೀಳುತ್ತಿತ್ತು. “ಹುಷಾರು ಕಣೋ, ಬಿದ್ದೀಯಾ” ಎಂದು ಯಾರೋ ಮಗುವನ್ನು ಗದರಿಸಿದ್ದು ಕೇಳಿ ಒಂದು ದಿನ ನಾನು ಸುಮ್ಮನೆ ಅಲ್ಲೇ ನಿಂತುಬಿಟ್ಟಿದ್ದೆ.

ಮಗಳ ಮನೆಯಲ್ಲಿ ದೇವರ ಫೋಟೋಗಳಿದ್ದುದು ಓಶಿಇರೆ ಎಂಬ ಗೋಡೆ ಕಪಾಟಿನ ಮೇಲಿನ ಹಲಗೆಯಲ್ಲಿ. ಹಗಲು ಹಾಸಿಗೆ ಸುತ್ತಿಡಲೆಂದು ಮಾಡಿದ ಜಾಗ ಅದು. ಹೊಗೆ ಪತ್ತೆಮಾಡುವ ಯಂತ್ರ ಕೂಗಿಕೊಂಡೀತೆಂದು ಊದುಬತ್ತಿ ಹಚ್ಚುತ್ತಿರಲಿಲ್ಲ. ಹೂ ಇಟ್ಟು, ನಮಸ್ಕಾರ ಮಾಡಿ, ಕಪಾಟಿನ ಬಾಗಿಲು ಎಳೆದರೆ ಆಯಿತು.

ನನ್ನ ಕುತೂಹಲ ನೋಡಿ ಒಂದು ಶನಿವಾರ ಮಗಳೇ ಮತ್ಸುದೊ ಎಂಬ ಊರಿನ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದಳು. ತೊಝೈ ಮಾರ್ಗದ ರೈಲು, ಆಮೇಲೆ ಮುಸಾಶಿನೋ ಮಾರ್ಗದ್ದು, ಆಮೇಲೆ ಸ್ವಲ್ಪ ನಡಿಗೆ. ಶಿಲಾಯುಗದ ಮಡಕೆಗಳು, ಕೋಟೆಯ ಮಾದರಿಗಳನ್ನೆಲ್ಲ ದಾಟಿ ಹೋದರೆ ಕೊನೆಯಲ್ಲಿ, ಯಾವ ಆಡಂಬರವೂ ಇಲ್ಲದೆ, ಒಂದು ಫ್ಲಾಟ್ ನಿಂತಿದೆ. ಅದೇ ಊರಿನ ತೊಕಿವಾದೈರಾ ದಾಂಚಿಯ ಒಂದು ಮನೆ, 1962ರಲ್ಲಿ ಹೇಗಿತ್ತೋ ಹಾಗೆ. ಎರಡು ಸಣ್ಣ ಕೋಣೆ, ಒಂದು ಅಡುಗೆಮನೆ, ಬಾಲ್ಕನಿ. ಅಡುಗೆಮನೆಯಲ್ಲೇ ಮೇಜು ಕುರ್ಚಿ. ಟೀವಿ ಇದೆ. ಬಾಗಿಲ ಬಳಿ ಚಪ್ಪಲಿ ಬಿಡುವಷ್ಟು ಜಾಗ.

ನಾನು ಹುಟ್ಟಿ ಬೆಳೆದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಸಾಲಾಗಿ ಆರು ಮನೆ, ಎಲ್ಲರಿಗೂ ಒಂದೇ ನಲ್ಲಿ. ನಮಗಿದ್ದುದೂ ಎರಡೇ ಕೋಣೆ. ಅಡುಗೆಮನೆಯಲ್ಲಿ ಉಂಡು, ಎಲೆ ಎತ್ತಿ, ಸಾರಿಸಿ, ಅಮ್ಮ ಮತ್ತು ಅಜ್ಜಿ ಅಲ್ಲೇ ಚಾಪೆ ಹಾಸಿಕೊಳ್ಳುತ್ತಿದ್ದರು. ನಡುಮನೆಯಲ್ಲಿ ಅಪ್ಪ, ನಾವು ನಾಲ್ಕು ಮಕ್ಕಳು, ಊರಿಂದ ಯಾರು ಬಂದಿದ್ದರೆ ಅವರು. ಬೆಳಿಗ್ಗೆ ಹಾಸಿಗೆ ಸುರುಳಿ ಮಾಡಿ ಮೂಲೆಗಿಟ್ಟರೆ ಅದೇ ಕೋಣೆ ಓದುವ ಕೋಣೆ, ಹೆಣ್ಣು ನೋಡಲು ಬಂದವರನ್ನು ಕೂರಿಸುವ ಕೋಣೆ. ಅದನ್ನು ಬಡತನ ಎಂದು ಆಗ ಕರೆದುಕೊಂಡಿರಲಿಲ್ಲ. ಹಾಗಾಗಿ ಮತ್ಸುದೊದ ಆ ಮನೆಯ ಮುಂದೆ ನಿಂತಾಗ ನನಗೆ ಅದು ಸಣ್ಣದು ಅನ್ನಿಸಲಿಲ್ಲ. ಅನ್ನಿಸಿದ್ದು ಬೇರೆ: ಇಲ್ಲಿ ಉಣ್ಣುವ ಜಾಗದಲ್ಲಿ ಯಾರೂ ಮಲಗುವುದಿಲ್ಲ.

ಇದು ತಾನಾಗಿ ಆದದ್ದಲ್ಲ. ಅದರ ಹಿಂದೆ ಹಲವು ವರ್ಷಗಳ ಜಗಳವೇ ಇದೆ.

ಜಪಾನೀ ಮನೆಯ ಹೆಮ್ಮೆಯೆಂದರೆ ಕೋಣೆಗೆ ಒಂದೇ ಕೆಲಸವಿಲ್ಲದಿರುವುದು. ತತಾಮಿ ಚಾಪೆಯ ನೆಲ. ಚಾಬುದೈ ಎಂಬ ಗಿಡ್ಡ ಮೇಜು ಹಾಕಿದರೆ ಊಟದ ಕೋಣೆ, ಅದನ್ನು ಮಡಚಿಟ್ಟು ಫುತೊನ್ ಹಾಸಿದರೆ ಮಲಗುವ ಕೋಣೆ. ಯುದ್ಧದ ಕಾಲದಲ್ಲಿ ಕಾರ್ಮಿಕರಿಗಾಗಿ ಸಣ್ಣ ಮನೆಗಳನ್ನು ಲೆಕ್ಕ ಹಾಕುತ್ತಿದ್ದ ತಜ್ಞರಿಗೆ ಇದು ವರದಾನವಾಗಿ ಕಂಡಿತು. ಒಂದೇ ಕೋಣೆ ಎರಡು ಕೆಲಸ ಮಾಡುತ್ತದೆಂದ ಮೇಲೆ ಎರಡು ಕೋಣೆ ಯಾಕೆ? ಈ ಮಾತನ್ನು ಒಪ್ಪದವನು ನಿಶಿಯಾಮ ಉಝೊ. 1911ರಲ್ಲಿ ಒಸಾಕಾದಲ್ಲಿ ಹುಟ್ಟಿ ಕ್ಯೋಟೋದಲ್ಲಿ ವಾಸ್ತುಶಿಲ್ಪ ಓದಿದವನು. ವ್ಯಂಗ್ಯಚಿತ್ರ ಬರೆಯುವ ಕೈ. ಒಸಾಕಾ, ಕ್ಯೋಟೋ, ನಗೋಯಾದ ಸಾಮಾನ್ಯರ ಮನೆಗಳ ಬಳಕೆಯನ್ನು ಅವನು ಕೂಲಂಕಷವಾಗಿ ಅಧ್ಯಯನ ಮಾಡಿದ. ಜನ ಯಾವ ಕೋಣೆಯಲ್ಲಿ ಉಣ್ಣುತ್ತಾರೆ, ಯಾವುದರಲ್ಲಿ ಮಲಗುತ್ತಾರೆ, ಎಷ್ಟು ಮಂದಿ?

ಕಂಡದ್ದು ತಜ್ಞರ ಊಹೆಗೆ ವಿರುದ್ಧ. ತೀರ ಇಕ್ಕಟ್ಟಿನ ಮನೆಯಲ್ಲೂ ಜನ ಉಣ್ಣುವ ಜಾಗವನ್ನು ಮಲಗುವ ಜಾಗದಿಂದ ಬೇರೆ ಇಟ್ಟುಕೊಳ್ಳಲು ಹೆಣಗುತ್ತಿದ್ದರು. ಇರುವ ಎರಡು ಕೋಣೆಯಲ್ಲಿ ಸಣ್ಣದನ್ನು ಊಟಕ್ಕೆಂದು ಬಿಟ್ಟು, ಇನ್ನೊಂದರಲ್ಲಿ ಎಲ್ಲರೂ ಒತ್ತಾಗಿ ಮಲಗುತ್ತಿದ್ದರು. ಅಂದರೆ ಮಲಗಲು ಹೆಚ್ಚು ಜಾಗ ಸಿಗುವುದನ್ನೂ ಬಿಟ್ಟುಕೊಟ್ಟು ಈ ಒಂದು ವ್ಯವಸ್ಥೆಯನ್ನು ಕಾಪಾಡಿಕೊಳ್ಳುತ್ತಿದ್ದರು. 1942ರಲ್ಲಿ ನಿಶಿಯಾಮ ಇದನ್ನು ಒಂದು ಸಿದ್ಧಾಂತವಾಗಿ ಮಂಡಿಸಿದ: ಊಟ ಮತ್ತು ನಿದ್ದೆಯ ಬೇರ್ಪಡೆ. ಮನೆ ಎಷ್ಟೇ ಸಣ್ಣದಾಗಲಿ, ಅದಕ್ಕಿಂತ ಕೆಳಗಿಳಿಯಬಾರದು.

ಇದನ್ನು ಓದಿದಾಗ ನನಗೆ ಸ್ವಲ್ಪ ಇರುಸುಮುರುಸಾಯಿತು. ನಮ್ಮ ವಠಾರದ ಮನೆಯಲ್ಲಿ ಅಮ್ಮ ಎಲೆ ಎತ್ತಿದ ಮೇಲೆ ನೆಲವನ್ನು ಎರಡೆರಡು ಸಲ ಸಾರಿಸುತ್ತಿದ್ದುದನ್ನು ಮಡಿ ಮುಸುರೆಯ ಲೆಕ್ಕದಲ್ಲೇ ನಾನು ಇಟ್ಟಿದ್ದೆ. ಆಮೇಲೆ ತಾನು ಅದೇ ನೆಲದ ಮೇಲೆ ಮಲಗಬೇಕಿತ್ತು ಎನ್ನುವುದನ್ನು ಆ ಲೆಕ್ಕಕ್ಕೆ ಸೇರಿಸಿರಲಿಲ್ಲ. ಅವಳನ್ನು ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದಳೋ. ಯಾರೂ ಬಂದು ಕೇಳಲಿಲ್ಲ.

1945ರಲ್ಲಿ ಯುದ್ಧ ಮುಗಿದಾಗ ಜಪಾನಿನಲ್ಲಿ 42 ಲಕ್ಷ ಮನೆಗಳ ಕೊರತೆಯಿತ್ತು. ಬಾಂಬಿನ ಬೆಂಕಿಯಲ್ಲಿ ಊರಿಗೆ ಊರೇ ಸುಟ್ಟಿದ್ದವು. ಜನ ತಗಡಿನ ಗುಡಿಸಲುಗಳಲ್ಲಿ, ಕೆಟ್ಟು ನಿಂತ ಬಸ್ಸುಗಳಲ್ಲಿ ಸಂಸಾರ ಹೂಡಿದ್ದರು. ಅದರ ಜೊತೆಗೇ ಇನ್ನೊಂದು ಬದಲಾವಣೆ ಕಾಗದದ ಮೇಲೆ ಆಗಿತ್ತು. 1947ರ ಸಂವಿಧಾನ ಮದುವೆಯನ್ನು ಗಂಡು ಹೆಣ್ಣು ಇಬ್ಬರ ಒಪ್ಪಿಗೆಯ ವಿಷಯವೆಂದಿತು. ಮನೆಯ ಯಜಮಾನನಿಗೆ ಎಲ್ಲರ ಮೇಲೂ ಅಧಿಕಾರ ಕೊಡುತ್ತಿದ್ದ ಹಳೆಯ ಕುಟುಂಬ ಪದ್ಧತಿಯನ್ನು ತಿದ್ದಿದ ನಾಗರಿಕ ಸಂಹಿತೆ ಕಿತ್ತುಹಾಕಿತು. ಗಂಡ, ಹೆಂಡತಿ, ಮಕ್ಕಳು: ಹೊಸ ಕಾನೂನಿನ ಕಲ್ಪನೆಯಲ್ಲಿದ್ದ ಕುಟುಂಬ ಇಷ್ಟು. ಅದಕ್ಕೊಂದು ಮನೆ ಬೇಕಿತ್ತು, ಮತ್ತು ಅಂಥ ಮನೆ ದೇಶದಲ್ಲಿ ಅದುವರೆಗೆ ಹೆಚ್ಚುಕಡಿಮೆ ಇರಲೇ ಇಲ್ಲ.

1951ರಲ್ಲಿ ಸಾರ್ವಜನಿಕ ವಸತಿ ಕಾಯ್ದೆ ಬಂತು. ಅದೇ ಹೊತ್ತಿಗೆ ಟೋಕಿಯೋ ವಿಶ್ವವಿದ್ಯಾಲಯದ ಯೊಶಿತಾಕೆ ಯಾಸುಮಿ ಮತ್ತು ಅವನ ಜೊತೆ ಇದ್ದ, ಇನ್ನೂ ಇಪ್ಪತ್ತರ ಹರೆಯದ ಸುಝುಕಿ ಶಿಗೆಬುಮಿ ಮೊದಲಾದವರು ಸರ್ಕಾರಕ್ಕೆ ಒಂದು ಮಾದರಿ ನಕ್ಷೆ ಮಾಡಿಕೊಟ್ಟರು. ಎ, ಬಿ, ಸಿ ಎಂಬ ಮೂರು ಅಳತೆಗಳಲ್ಲಿ ಸಿ ಎಲ್ಲಕ್ಕಿಂತ ಸಣ್ಣದು, 12 ತ್ಸುಬೊ. ನಮ್ಮ ಲೆಕ್ಕದಲ್ಲಿ ಸುಮಾರು 430 ಚದರ ಅಡಿ. ಇಸವಿ ಮತ್ತು ಅಕ್ಷರ ಸೇರಿ ಅದಕ್ಕೆ 51ಸಿ ಎಂದು ಹೆಸರು. ಮೋಟಾರಿನ ಬಿಡಿಭಾಗದ ಹೆಸರಿನ ಹಾಗಿದೆ. ಆದರೆ ಒಂದಿಡೀ ದೇಶದ ಸಂಸಾರವನ್ನು ತಿದ್ದಿದ್ದು ಅದು.

ಅಷ್ಟು ಸಣ್ಣ ಜಾಗದಲ್ಲಿ ಅವರು ಎರಡು ಹಟ ಹಿಡಿದರು. ಒಂದು, ನಿಶಿಯಾಮನ ಬೇರ್ಪಡೆ. ಇನ್ನೊಂದು, ಅಪ್ಪ ಅಮ್ಮ ಒಂದು ಕಡೆ, ಮಕ್ಕಳು ಒಂದು ಕಡೆ ಮಲಗಬೇಕು. ಎರಡು ಮಲಗುವ ಕೋಣೆ, ನಡುವೆ ಜಾರುವ ಕಾಗದದ ಬಾಗಿಲಲ್ಲ, ಗೋಡೆ. ಹಾಗಾದರೆ ಊಟಕ್ಕೆ ಮೂರನೆಯ ಕೋಣೆ ಎಲ್ಲಿಂದ ತರುವುದು? ಅಡುಗೆಮನೆಯನ್ನೇ ಕೊಂಚ ಹಿಗ್ಗಿಸಿ ಅಲ್ಲೇ ಕೂತು ಉಣ್ಣುವುದು. ಈಗ ಓದಿದರೆ ಇದರಲ್ಲೇನು ಮಹಾ ಅನ್ನಿಸುತ್ತದೆ. ಆದರೆ ಹಳೆಯ ಜಪಾನೀ ಮನೆಯ ಅಡುಗೆಮನೆ ಎಂದರೆ ಉತ್ತರದ ಮೂಲೆ, ಕತ್ತಲು, ಚಳಿ, ಎಷ್ಟೋ ಕಡೆ ಮಣ್ಣಿನ ನೆಲ. ಬಿಸಿಲು ಬೀಳುವ ದಕ್ಷಿಣದ ಒಳ್ಳೆಯ ಕೋಣೆ ವರ್ಷಕ್ಕೆ ನಾಲ್ಕು ಸಲ ಬರುವ ಅತಿಥಿಗೆ. 51ಸಿ ಅಡುಗೆಯನ್ನೂ ಅಡುಗೆ ಮಾಡುವವಳನ್ನೂ ದಕ್ಷಿಣಕ್ಕೆ ತಂದು ಬಿಸಿಲಿನಲ್ಲಿ ನಿಲ್ಲಿಸಿತು. ಅತಿಥಿಯ ಕೋಣೆಯನ್ನು ನಕ್ಷೆಯಿಂದ ಅಳಿಸಿಬಿಟ್ಟಿತು.

ಈ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವಳು ಹಮಾಗುಚಿ ಮಿಹೊ. ಜಪಾನಿನ ಮೊದಲ ಪರವಾನಗಿ ಪಡೆದ ಮಹಿಳಾ ವಾಸ್ತುಶಿಲ್ಪಿ. 1949ರಲ್ಲೇ ಅವಳು ಜಪಾನೀ ಮನೆಗಳ ಊಳಿಗಮಾನ್ಯ ಗುಣದ ಬಗ್ಗೆ ಒಂದು ಪುಸ್ತಕ ಬರೆದಿದ್ದಳು. ಕಾನೂನಿನಲ್ಲಿ ಸಮಾನತೆ ಬಂದರೂ ಮನೆಯ ಗೋಡೆಗಳು ಇನ್ನೂ ಯಜಮಾನನ ಪರವಾಗಿಯೇ ನಿಂತಿವೆ ಎಂಬುದು ಅವಳ ವಾದದ ತಿರುಳು. ದಾಂಚಿಯ ಅಡುಗೆಮನೆಗೆ ಸಲಹೆ ಕೇಳಿದಾಗ ಅವಳು ಸಿಂಕನ್ನು ಕಟ್ಟೆಯ ನಡುವಿಗೆ ತಂದಳು; ಒಂದು ಪಕ್ಕ ಹೆಚ್ಚುವ ಜಾಗ, ಇನ್ನೊಂದು ಪಕ್ಕ ಗ್ಯಾಸ್ ಒಲೆ. ನಿಂತಲ್ಲೇ ತಿರುಗಿದರೆ ಎಲ್ಲ ಕೈಗೆ ಸಿಗಬೇಕು. ಅದುವರೆಗೆ ಸಿಂಕೆಂದರೆ ಸಿಮೆಂಟಿಗೆ ಕಲ್ಲುಚೂರು ಬೆರೆಸಿ ಉಜ್ಜಿ ನಯಮಾಡಿದ ತೊಟ್ಟಿ, ನಮ್ಮ ಮೊಸಾಯಿಕ್ ನೆಲದ ಹಾಗೆ. ಅದು ಬಿರುಕು ಬಿಡುತ್ತಿತ್ತು, ಪಾಚಿ ಕಟ್ಟುತ್ತಿತ್ತು. ಒಂದೇ ಸ್ಟೇನ್‌ಲೆಸ್ ತಗಡನ್ನು ಯಂತ್ರದಲ್ಲಿ ಒತ್ತಿ ಬೆಸುಗೆಯಿಲ್ಲದ ಸಿಂಕ್ ಮಾಡುವುದನ್ನು ಸಣ್ಣ ಕಾರ್ಖಾನೆಯೊಂದು 1956ರ ಹೊತ್ತಿಗೆ ಸಾಧಿಸಿತು, ಬೆಲೆ ಇಳಿಯಿತು, ದಾಂಚಿಗೆ ಬಂತು. ಮತ್ಸುದೊದಲ್ಲಿ ನಾನು ಅತಿ ಹೆಚ್ಚು ಹೊತ್ತು ನಿಂತಿದ್ದುದು ಆ ಅಡುಗೆಮನೆಯ ಮುಂದೆ. “ಏನಮ್ಮ, ಅದೊಂದೇ ನೋಡ್ತಾ ಇದ್ದೀಯ?” ಎಂದು ಮಗಳು ಕೇಳಿದಳು. ವಠಾರದ ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ಪಾತ್ರೆ ತಿಕ್ಕಿದ್ದು ನಾನು, ಅವಳಲ್ಲ.

1955ರ ಜುಲೈನಲ್ಲಿ ಜಪಾನ್ ವಸತಿ ನಿಗಮ ಹುಟ್ಟಿತು. ಮೊದಲ ವರ್ಷದ ಗುರಿಯೇ 20,000 ಮನೆ. ಬಡವರಿಗೆ ಸ್ಥಳೀಯ ಸರ್ಕಾರಗಳ ಮನೆಗಳಿದ್ದವು. ನಿಗಮದ ಕಣ್ಣಿದ್ದುದು ನಗರಕ್ಕೆ ಬಂದು ಕಚೇರಿ ಸೇರಿದ, ಹೊಸದಾಗಿ ಮದುವೆಯಾದ ಸಂಬಳದಾರರ ಮೇಲೆ. ನಿಗಮದವರು 51ಸಿಯನ್ನು ಕೊಂಚ ದೊಡ್ಡದು ಮಾಡಿ, ಒಳಗೇ ಸ್ನಾನದ ಮನೆ ಕೊಟ್ಟರು. ಅಡುಗೆ ಊಟದ ಕೋಣೆಗೆ ‘ಡೈನಿಂಗ್ ಕಿಚನ್’ ಎಂದು ಹೆಸರಿಟ್ಟು ಅದನ್ನು ಡಿಕೆ ಮಾಡಿದರು. ಎರಡು ಕೋಣೆಯಿದ್ದರೆ 2ಡಿಕೆ. ಇಂಗ್ಲಿಷಿನವರಿಗೇ ಗೊತ್ತಿಲ್ಲದ ಇಂಗ್ಲಿಷು ಅದು, ನಮ್ಮ ‘ಸಿಟ್ ಔಟ್’, ‘ಯುಟಿಲಿಟಿ’ಗಳ ಹಾಗೆ. ಇವತ್ತಿಗೂ ಜಪಾನಿನಲ್ಲಿ ಮನೆ ಹುಡುಕುವವರು ಆಡುವುದು ಇದೇ ಭಾಷೆ.

ಒಂದು ತಮಾಷೆಯ ಸಂಗತಿ. ಡೈನಿಂಗ್ ಕಿಚನ್ ಮಾಡಿಕೊಟ್ಟರೂ ಜನ ಅಲ್ಲಿ ಉಣ್ಣುತ್ತಾರೆ ಎಂಬ ನಂಬಿಕೆ ನಿಗಮಕ್ಕಿರಲಿಲ್ಲ. ಯಾರ ಬಳಿಯೂ ಮೇಜು ಕುರ್ಚಿ ಇಲ್ಲ. ಹಳೇ ಅಭ್ಯಾಸದಂತೆ ಪಕ್ಕದ ಕೋಣೆಯಲ್ಲಿ ಚಾಬುದೈ ಹಾಕಿ ಕೂತುಬಿಟ್ಟರೆ? ಹಾಗಾಗಿ ಮೊದಮೊದಲ ಮನೆಗಳಲ್ಲಿ ಊಟದ ಮೇಜನ್ನೂ ನಿಗಮವೇ ಇಟ್ಟುಕೊಟ್ಟಿತು. ಹೊಸ ತಲೆಮಾರಿಗೆ ಬೇಕಾದ ಮನೆ ಎಂದು ನಾವು ಸುಲಭವಾಗಿ ಹೇಳುತ್ತೇವೆ. ಎಷ್ಟೋ ಸಲ ಆ ಬಯಕೆಗೂ ಮೊದಲು ಮೇಜು ಬಂದು ಕೂತಿರುತ್ತದೆ.

ಹೀಗೆಂದ ಮಾತ್ರಕ್ಕೆ ಜನರಿಗೆ ಅದು ಬೇಡವಾಗಿತ್ತು ಎಂದಲ್ಲ. ಲಾಟರಿ ಎತ್ತಿ ಮನೆ ಕೊಡುವಷ್ಟು ಅರ್ಜಿಗಳು. 1958ರಲ್ಲಿ ‘ಶೂಕಾನ್ ಅಸಾಹಿ’ ವಾರಪತ್ರಿಕೆ ಇವರಿಗೆ ‘ದಾಂಚಿ ಕುಲ’ ಎಂಬ ಹೆಸರಿಟ್ಟಿತು. ಬಾಡಿಗೆಯ ಹಲವು ಪಟ್ಟು ಸಂಬಳ ಇರಬೇಕೆಂಬ ನಿಯಮದಿಂದಾಗಿ ಕುಲದವರೆಲ್ಲ ಒಂದೇ ವಯಸ್ಸು, ಒಂದೇ ಬಗೆಯ ಕೆಲಸ, ಒಂದೋ ಎರಡೋ ಮಕ್ಕಳು. ಟೀವಿ, ಬಟ್ಟೆ ಒಗೆಯುವ ಯಂತ್ರ, ಫ್ರಿಜ್ಜು ಎಲ್ಲರಿಗಿಂತ ಮೊದಲು ಬಂದದ್ದು ಇಂಥವರ ಮನೆಗಳಿಗೆ. 1960ರ ಸೆಪ್ಟೆಂಬರಿನಲ್ಲಿ ಯುವರಾಜ ಅಕಿಹಿತೊ ಮತ್ತು ಯುವರಾಣಿ ಮಿಚಿಕೊ ಟೋಕಿಯೋ ಪಶ್ಚಿಮದ ಹಿಬಾರಿಗಾಓಕಾ ದಾಂಚಿಯನ್ನು ನೋಡಲು ಬಂದರು. 2,714 ಮನೆಗಳ ಊರು ಅದು. ಇಬ್ಬರೂ ಒಂದು ಫ್ಲಾಟಿನ ಬಾಲ್ಕನಿಯಲ್ಲಿ ನಿಂತ ಚಿತ್ರ ಪ್ರಸಿದ್ಧವಾಯಿತು. ಕಟ್ಟಡ ಹೋದರೂ ಆ ಬಾಲ್ಕನಿಯನ್ನು ಉಳಿಸಿಕೊಂಡಿದ್ದಾರಂತೆ. ರಾಜಮನೆತನದವರು ಸಂಬಳದಾರನ ಬಾಲ್ಕನಿಯಲ್ಲಿ ನಿಂತು ಕೆಳಗೆ ನೋಡುವುದು: ಆ ದಶಕದ ಬಗ್ಗೆ ಪಾಠ ಮಾಡಬೇಕಾಗಿ ಬಂದಿದ್ದರೆ ನಾನು ಆ ಚಿತ್ರದಿಂದಲೇ ಶುರು ಮಾಡುತ್ತಿದ್ದೆ.

ದಾಂಚಿಯ ವಸ್ತುಗಳಲ್ಲಿ ನನಗೆ ಬಹಳ ಕಾಡಿದ್ದು ಬೀಗ. ಕಬ್ಬಿಣದ ಬಾಗಿಲು, ಅದಕ್ಕೊಂದು ಸಿಲಿಂಡರ್ ಬೀಗ. ಹಳೆಯ ಮರದ ಮನೆಗಳಲ್ಲಿ ಜಾರುವ ಬಾಗಿಲು. ಮನೆ ಕಾಯಲು ಯಾರಾದರೊಬ್ಬರು ಇರಲೇಬೇಕು, ಆ ಒಬ್ಬರು ಹೆಚ್ಚಾಗಿ ಸೊಸೆ. ಈಗ ಒಂದು ಸಣ್ಣ ಕೀಲಿಕೈ ತಿರುಗಿಸಿ ಅವಳು ಎಲ್ಲಿಗೆ ಬೇಕಾದರೂ ಹೋಗಬಹುದಾಯಿತು. ಅಂಗಡಿಗೆ, ಸಿನಿಮಾಕ್ಕೆ, ಸಭೆಗೆ. ದಾಂಚಿಯ ನಿವಾಸಿ ಸಂಘಗಳು ಶಿಶುವಿಹಾರ ಬೇಕೆಂದು, ಬಾಡಿಗೆ ಏರಿಸಬೇಡಿ ಎಂದು ಹೋರಾಡಿದ ಕತೆಗಳಲ್ಲಿ ಹೆಂಗಸರು ತುಂಬ ಇದ್ದಾರೆ. ಅದೇ ಬೀಗ ಒಳಗಿನಿಂದಲೂ ಬೀಳುತ್ತದೆ. ಹಾನಿ ಸುಸುಮು 1963ರಲ್ಲಿ ಮಾಡಿದ ‘ಅವಳು ಮತ್ತು ಅವನು’ ಸಿನಿಮಾದಲ್ಲಿ ದಾಂಚಿಯ ಗೃಹಿಣಿಯೊಬ್ಬಳು ತನ್ನ ಅಚ್ಚುಕಟ್ಟು ಮನೆಯಾಚೆ, ಪಕ್ಕದ ಬಯಲಲ್ಲಿ ಗುಡಿಸಲು ಕಟ್ಟಿಕೊಂಡವರ ಕಡೆಗೆ ನೋಡುತ್ತಿರುತ್ತಾಳೆ. ದಾಂಚಿ ಬರುವ ಮೊದಲು ಆ ನೆಲ ಯಾರದ್ದಾಗಿತ್ತು ಎಂಬ ಪ್ರಶ್ನೆಯೂ ಉಂಟು. ತೊಕಿವಾದೈರಾದಲ್ಲಿ ಭೂಮಿ ಕೊಡಲು ಒಪ್ಪದ ರೈತರು ವರ್ಷಗಟ್ಟಲೆ ವಿರೋಧಿಸಿದ್ದರು. ಬೆಂಗಳೂರಿನ ಬಡಾವಣೆಗಳ ನಡುವೆ ಬದುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ನಕ್ಷೆಯಲ್ಲಿ ಇಲ್ಲದ್ದು. ಜಪಾನಿನ ಮನೆಗಳಲ್ಲಿ ಬುತ್ಸುದಾನ್ ಎಂಬ ಮಂಟಪ ಇರುತ್ತದೆ, ತೀರಿಹೋದ ಹಿರಿಯರ ಹೆಸರುಗಳನ್ನಿಟ್ಟು ಅನ್ನ ನೀರು ತೋರಿಸುವ ಜಾಗ. 2ಡಿಕೆಯ ನಕ್ಷೆ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅದು ಊರಲ್ಲಿ ಹಿರಿಯ ಮಗನ ಬಳಿ ಇರುತ್ತದೆ. ನಗರಕ್ಕೆ ಬಂದವರಲ್ಲಿ ಬಹಳಷ್ಟು ಮಂದಿ ಎರಡನೆಯ, ಮೂರನೆಯ ಮಕ್ಕಳು. ಹಾಗೆಯೇ ಅತ್ತೆ ಮಾವನಿಗೂ ಕೋಣೆ ಇರಲಿಲ್ಲ. ಅದು ಮರೆವಲ್ಲ, ಉದ್ದೇಶ. ಆ ಮನೆಯ ಸೊಗಸೇ ಅದು ಎಂದು ಎಷ್ಟು ಸೊಸೆಯರು ಮನಸ್ಸಿನಲ್ಲೇ ಹೇಳಿಕೊಂಡಿರಬಹುದು.

ನಾನೂ ಹೇಳಿಕೊಂಡವಳೇ. 1994ರಲ್ಲಿ ನಾವು ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಫ್ಲಾಟ್ ಕೊಂಡೆವು. ಒಂದು ನಮಗೆ, ಒಂದು ಓದುವ ಮಗಳಿಗೆ. ಎರಡು ವರ್ಷ ಕಳೆಯುವುದರೊಳಗೆ ಮಾವ ತೀರಿಕೊಂಡು ಅತ್ತೆ ಊರಿಂದ ಬಂದರು. ಹಾಲ್‌ನಲ್ಲಿದ್ದ ದಿವಾನ್ ಅವರದ್ದಾಯಿತು. ಒಂಬತ್ತು ವರ್ಷ. ನಾವು ಟೀವಿ ಆರಿಸುವ ತನಕ ಅವರು ಮಲಗುವ ಹಾಗಿಲ್ಲ. ಯಾರಾದರೂ ಬಂದರೆ ಎದ್ದು ಸೀರೆ ಸರಿಮಾಡಿಕೊಂಡು ಅಡುಗೆಮನೆಗೆ ಹೋಗಿ ನಿಲ್ಲುತ್ತಿದ್ದರು. ಅವರ ಸೀರೆಗಳು ನಮ್ಮ ಬೀರುವಿನ ಕೆಳ ಖಾನೆಯಲ್ಲಿ. “ನಂಗೇನಮ್ಮ, ಎಲ್ಲಾದ್ರೂ ಆಯ್ತು” ಎನ್ನುತ್ತಿದ್ದರು. ಆ ಮಾತನ್ನು ನಾನು ಇದ್ದ ಹಾಗೇ ನಂಬಿದೆ. ನಂಬುವುದು ಅನುಕೂಲವಾಗಿತ್ತು.

51ಸಿ ಮಾಡಿದವರೂ ಮುಂದೆ ಜನರ ಮನೆಗೆ ಹೋಗಿ ನೋಡಿದರು. ಕಂಡದ್ದು ಸ್ವಾರಸ್ಯಕರ. ಅಷ್ಟು ಹಟ ಹಿಡಿದು ಎರಡು ಮಲಗುವ ಕೋಣೆ ಕೊಟ್ಟಿದ್ದರೂ ಎಷ್ಟೋ ಸಂಸಾರಗಳು ಒಂದೇ ಕೋಣೆಯಲ್ಲಿ ಒಟ್ಟಿಗೆ ಮಲಗುತ್ತಿದ್ದವು, ನಡುವೆ ಮಗು, ಎರಡು ಪಕ್ಕ ಅಪ್ಪ ಅಮ್ಮ. ಮೂರು ಗೆರೆಗಳ ‘ನದಿ’ ಅಕ್ಷರದ ಹಾಗೆ ಎಂದು ಜಪಾನೀಯರು ಇದಕ್ಕೆ ಹೆಸರಿಟ್ಟಿದ್ದಾರೆ. ಉಳಿಸಿದ ಇನ್ನೊಂದು ಕೋಣೆಯಲ್ಲಿ ತತಾಮಿಯ ಮೇಲೆ ಕಾರ್ಪೆಟ್ ಹಾಸಿ, ಸೋಫಾ ಇಟ್ಟು, ಟೀವಿ ನೋಡುತ್ತಿದ್ದರು. ಅಂದರೆ ಊಟ ನಿದ್ದೆಯ ಬೇರ್ಪಡೆಯನ್ನು ಒಪ್ಪಿದರು, ಮಕ್ಕಳನ್ನು ಬೇರೆ ಮಲಗಿಸುವುದನ್ನು ಒಪ್ಪಲಿಲ್ಲ. ಸುಮ್ಮನೆ ಕೂರುವ ಕೋಣೆಯೊಂದು ನಕ್ಷೆಯಲ್ಲಿ ಇರಲಿಲ್ಲ, ಅದನ್ನು ತಾವೇ ಮಾಡಿಕೊಂಡರು. ಮುಂದೆ ಲಿವಿಂಗ್ ರೂಮಿನ ‘ಎಲ್’ ಸೇರಿ 2ಎಲ್‌ಡಿಕೆ, 3ಎಲ್‌ಡಿಕೆಗಳು ಬಂದವು.

ದೇಶದಲ್ಲಿ ಕುಟುಂಬಗಳಿಗಿಂತ ಮನೆಗಳೇ ಹೆಚ್ಚಾದದ್ದು 1968ರಲ್ಲಿ. 1973ರ ಹೊತ್ತಿಗೆ ಎಲ್ಲ ಪ್ರಾಂತಗಳಲ್ಲೂ ಹಾಗೆಯೇ. 10,000ಕ್ಕೂ ಹೆಚ್ಚು ಮನೆಗಳ ತಕಾಶಿಮಾದೈರಾ ದಾಂಚಿ 1972ರಲ್ಲಿ ತುಂಬತೊಡಗಿದಾಗಲೇ 2ಡಿಕೆ ಹಳತಾಗಿತ್ತು. ಮಕ್ಕಳು ಬೆಳೆದು ದೊಡ್ಡ ಮನೆಗಳಿಗೆ ಹೋದರು. ಒಂದೇ ವಯಸ್ಸಿನವರನ್ನು ಒಂದೇ ವರ್ಷ ಒಂದೇ ಕಡೆ ಸೇರಿಸಿದರೆ ಅವರೆಲ್ಲ ಒಟ್ಟಿಗೇ ಮುದುಕರಾಗುತ್ತಾರೆ ಎಂಬ ಸರಳ ಗಣಿತವನ್ನು ನಿಗಮದಲ್ಲಿ ಯಾರೂ ಮಾಡಿದಂತೆ ಕಾಣುವುದಿಲ್ಲ. 2001ರಲ್ಲಿ, ನಾನು ನೋಡಿದ ಮಾದರಿ ಮನೆಯ ಅದೇ ತೊಕಿವಾದೈರಾದಲ್ಲಿ, ಒಂಟಿಯಾಗಿದ್ದ ಒಬ್ಬ ಮನುಷ್ಯನ ದೇಹ ಸಿಕ್ಕಿತು. ಸತ್ತು ಮೂರು ವರ್ಷವಾಗಿತ್ತು. ಬಾಡಿಗೆ ಬ್ಯಾಂಕಿನಿಂದ ತಾನಾಗಿ ಕಟ್ಟಿಹೋಗುತ್ತಿತ್ತು. ಖಾತೆಯಲ್ಲಿ ಹಣ ಮುಗಿದ ಮೇಲೆ ಬಾಗಿಲು ತೆರೆಸಿದರು. ಅದೇ ಬಾಗಿಲು, ಅದೇ ಬಗೆಯ ಬೀಗ. ಆಮೇಲೆ ಅಲ್ಲಿಯ ನಿವಾಸಿಗಳೇ ಒಂಟಿ ಸಾವನ್ನು ಸೊನ್ನೆಗಿಳಿಸುವ ಚಳವಳಿ ಹೂಡಿದರು: ಒಬ್ಬರನ್ನೊಬ್ಬರು ಮಾತಾಡಿಸಿ, ಬಾಗಿಲು ತಟ್ಟಿ ವಿಚಾರಿಸಿ ಎಂದು. ಮಗಳು ಇದನ್ನು ತನ್ನ ಫೋನಿನಲ್ಲಿ ಓದಿ ಅನುವಾದಿಸಿ ಹೇಳುವಾಗ ನಾವು ವಾಪಸು ರೈಲಿನಲ್ಲಿದ್ದೆವು. ಅರ್ಧಕ್ಕೇ ನಿಲ್ಲಿಸಿ ಕಿಟಕಿಯಾಚೆ ನೋಡತೊಡಗಿದಳು. ಯಾಕೆ ನಿಲ್ಲಿಸಿದೆ ಎಂದು ನಾನು ಕೇಳಲಿಲ್ಲ.

ನಕ್ಷೆಯ ಬಗ್ಗೆ ಜಗಳ ಈಗಲೂ ನಿಂತಿಲ್ಲ. ಗಂಡ ಹೆಂಡತಿ ಮಕ್ಕಳು ಎಂಬ ಅಚ್ಚಿನಲ್ಲೇ ಎಲ್ಲರನ್ನೂ ಎರಕ ಹೊಯ್ದ ಪೆಟ್ಟಿಗೆ ಇದು ಎಂದು ಸಮಾಜಶಾಸ್ತ್ರಜ್ಞೆ ಉಎನೊ ಚಿಝುಕೊ ಟೀಕಿಸಿದಾಗ, ಮುಪ್ಪಿನ ಸುಝುಕಿ ಶಿಗೆಬುಮಿ ಉತ್ತರಿಸಿದ್ದುಂಟು. ಅವನ ಮಾತಿನಲ್ಲೂ ತೂಕವಿದೆ: ಮನೆಯೇ ಇಲ್ಲದ ಬಡ ದೇಶದಲ್ಲಿ, ಆ ಅಳತೆಯೊಳಗೆ ಬದುಕಬೇಕಾದವರಿಗಾಗಿ ಮಾಡಿದ್ದನ್ನು ಶಾಶ್ವತ ಮಾದರಿಯೆಂದು ಹಿಡಿದುಕೊಂಡವರು ಬೇರೆಯವರು. ಯಾಮಾಮೊತೊ ರಿಕೆನ್ ಎಂಬ ವಾಸ್ತುಶಿಲ್ಪಿ 2003ರಲ್ಲಿ ಟೋಕಿಯೋದ ಶಿನೊನೊಮೆಯಲ್ಲಿ ಆ ಕಬ್ಬಿಣದ ಬಾಗಿಲನ್ನೇ ಪ್ರಶ್ನಿಸಿ, ಓಣಿಯ ಕಡೆಗೆ ಗಾಜಿನ ಬಾಗಿಲಿಟ್ಟ. ಮನೆಯ ಮುಂಭಾಗ ಕೆಲಸದ ಜಾಗವೂ ಆಗಬಹುದು, ದಾರಿಹೋಕರಿಗೆ ಕಾಣಲೂಬಹುದು. 2024ರ ಪ್ರಿಟ್ಜ್‌ಕರ್ ಪ್ರಶಸ್ತಿ ಅವನಿಗೆ ಬಂತು. ಹಳೆಯ ದಾಂಚಿಗಳಿಗೆ ಮತ್ತೆ ಎಳೆಯರನ್ನು ಕರೆತರಲು ನಿಗಮದ ಈಗಿನ ರೂಪವಾದ ಸಂಸ್ಥೆ 2012ರಿಂದ ಮುಜಿ ಕಂಪನಿಯ ಜೊತೆ ಸೇರಿ ಒಳಾಂಗಣ ಬದಲಿಸುತ್ತಿದೆ. ಅವರು ಮಾಡುವ ಮೊದಲ ಕೆಲಸ ಏನೆಂದರೆ, ಎಷ್ಟೋ ಕಡೆ, ಕೋಣೆಗಳ ನಡುವಿನ ಅಡ್ಡ ತೆಗೆಯುವುದು. ಹಿಂದಿನ ತಲೆಮಾರು ಹಟ ಹಿಡಿದು ಬೇರೆ ಮಾಡಿದ್ದನ್ನು ಈಗಿನವರು ದುಡ್ಡು ಕೊಟ್ಟು ಒಂದು ಮಾಡಿಸಿಕೊಳ್ಳುತ್ತಿದ್ದಾರೆ.

ಆ ರಾತ್ರಿ ಊಟವಾದ ಮೇಲೆ ಮಗಳು ಮತ್ತೆ ನಕ್ಷೆ ತೆರೆದಳು. ಅಳಿಯ ಪಾತ್ರೆ ತೊಳೆಯುತ್ತಿದ್ದ.

“ಅಮ್ಮ, ಈ ಸ್ಟಡಿ ರೂಮ್ ಇದೆಯಲ್ಲ, ಇದಕ್ಕೆ ಬಾತ್‌ರೂಮ್ ಹತ್ತಿರ ಇಲ್ಲ. ರಾತ್ರಿ ಹಾಲ್ ದಾಟಿ ಬರಬೇಕು. ನಿಂಗೆ ಮಂಡಿನೋವು ಬೇರೆ.”

“ನಂಗೇನೇ, ಎಲ್ಲಾದ್ರೂ...” ಎಂದು ಶುರುಮಾಡಿದೆ.

ನನ್ನ ಬಾಯಲ್ಲಿ ಬರುತ್ತಿದ್ದುದು ಯಾರ ಮಾತೆಂದು ಅರ್ಧಕ್ಕೇ ತಿಳಿಯಿತು. ಕನ್ನಡಕ ಹಾಕಿಕೊಂಡು ಲ್ಯಾಪ್‌ಟಾಪ್ ಹತ್ತಿರ ಎಳೆದುಕೊಂಡೆ.

“ಎಲ್ಲಿ, ಪೆನ್ಸಿಲ್ ಕೊಡು. ಈ ಬಾಗಿಲು ಈ ಕಡೆ ಬರಲಿ. ಕಿಟಕಿ ಪೂರ್ವಕ್ಕೆ ಮಾಡೋಕಾಗುತ್ತಾ ಕೇಳು. ಮತ್ತೆ ಅಲ್ಲಿ ‘ಗೆಸ್ಟ್’ ಅಂತ ಬರೆದಿದ್ದಾರಲ್ಲ, ಅದನ್ನ ಅಳಿಸು.”

“ಏನಂತ ಬರೀಲಿ?”

ಅಡುಗೆಮನೆಯಿಂದ ಅಳಿಯ ಕೂಗಿದ, “ಅತ್ತೆ, ಬೀರು ಎಲ್ಲಿಡೋದು ಅಂತಾನೂ ಈಗ್ಲೇ ಹೇಳಿಬಿಡಿ.”